ಅಪ್ಪ ಹೇಳದೆ ಉಳಿಸಿದ ಮಾತು

ಅಪ್ಪ ಆ ವರ್ಷದ ಪಟ್ಟಿಯನ್ನು ಪೇಪರಿನಿಂದ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಪದವಿ ಮುಗಿಸುವವರು ಸೇರಲು ಹಂಬಲಿಸುವ ನೂರು ಕಂಪನಿಗಳು. ಮೊದಲ ಇಪ್ಪತ್ತರ ಕೆಳಗೆ ಕೆಂಪು ಗೆರೆ ಎಳೆದಿದ್ದ. ಅವನು ದುಡಿದು ನಿವೃತ್ತನಾದ ವಿಮಾ ಕಂಪನಿ ಗೆರೆಗಿಂತ ಮೇಲೇ ಇತ್ತು.

"ಈ ಗೆರೆಯಿಂದ ಕೆಳಗೆ ಇಳೀಬೇಡ ಚಿಹಾಯಾ," ಅಂದ.

ಇಳಿಯುವುದೇನು ಬಂತು, ಹತ್ತಿದ್ದರೆ ತಾನೆ! ವಸಂತವೆಲ್ಲ ಸಂದರ್ಶನಗಳಿಗೆಂದು ಕಪ್ಪು ಸೂಟು ಹಾಕಿಕೊಂಡು, ನನ್ನ ಹಾಗೇ ಕಪ್ಪು ಸೂಟು ಹಾಕಿದವರ ಜೊತೆ ಒಸಾಕಾದ ರೈಲುಗಳಲ್ಲಿ ಜೋತಾಡಿದೆ. ಗೆರೆಗಿಂತ ಮೇಲಿನವರೆಲ್ಲ ಕೆಲಸವಿಲ್ಲ ಅನ್ನಲು ಒಂದೇ ಉತ್ತರ ಕಳಿಸಿದರು: ನಿಮ್ಮ ಮುಂದಿನ ಏಳಿಗೆಗಾಗಿ ಪ್ರಾರ್ಥಿಸುತ್ತೇವೆ. ಇಷ್ಟು ಜನರ ಪ್ರಾರ್ಥನೆ ಫಲಿಸಿದ್ದರೆ ನಾನು ಮಂತ್ರಿಯಾಗಿರಬೇಕಿತ್ತು. ಮೊದಮೊದಲು ಅತ್ತೆ. ಆಮೇಲೆ ಓದಿ, ಅಳಿಸಿ, ಊಟಕ್ಕೆ ಕೂರುತ್ತಿದ್ದೆ.

ಕೊನೆಗೆ ಕರೆದವರು ಒರಿಮೊತೊದವರು. ಆಸ್ಪತ್ರೆಯ ಮಂಚಗಳಿಗೆ ಚಕ್ರ ಮಾಡುವ ಸಣ್ಣ ಕಾರ್ಖಾನೆ. ಅಲ್ಲಿ ಕೆಲಸಕ್ಕೆ ಆರಿಸುವ ಕುವಬಾರ ಎಂಬ ಹೆಂಗಸು ನನ್ನ ಕೈಗೆ ಒಂದು ಚಕ್ರ ಕೊಟ್ಟು ನೆಲದ ಮೇಲೆ ಉರುಳಿಸಲು ಹೇಳಿದರು. ಸದ್ದೇ ಇಲ್ಲ.

"ರೋಗಿ ನಿದ್ದೆ ಕೆಡಬಾರ್ದು ನೋಡಮ್ಮ, ಅದಕ್ಕೆ," ಅಂದರು.

ಇಲ್ಲಿ ಕೆಲಸ ಮಾಡಬೇಕು ಅನ್ನಿಸಿತು. ಆ ವರ್ಷ ನನಗೆ ಏನಾದರೂ ಅನ್ನಿಸಿದ್ದು ಅದೊಂದೇ ಸಲ.

ಈಗೀಗ ಕೆಲಸ ಗಟ್ಟಿ ಮಾಡುವ ಮೊದಲು ಕಂಪನಿಯವರು ಹೆತ್ತವರಿಗೆ ಫೋನು ಮಾಡುತ್ತಾರೆ. ಒಪ್ಪಿಕೊಂಡ ಮೇಲೆ ಮನೆಯವರು ಬಿಡಿಸುವುದು ಬೇಡ ಅಂತ. ಆಗ ಹೆತ್ತವರು ಒಂದು ಮಾತು ಹೇಳಬೇಕು: ಮಗಳು ಇನ್ನು ನಿಮ್ಮ ಕೈಯಲ್ಲಿ. ಆ ಮಾತು ಬಾರದಿದ್ದರೆ ಕೆಲಸವೂ ಬಾರದು. ಅಪ್ಪನಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಅವನ ಕಂಪನಿಯಲ್ಲಿ ಆ ಫೋನು ಮಾಡುತ್ತಿದ್ದವನೇ ಅವನು.

ಒರಿಮೊತೊದ ಫೋನು ಬಂದಾಗ ಮೂವರೂ ನೂಡಲ್ಸ್ ತಿನ್ನುತ್ತಿದ್ದೆವು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ.

"ಅಯ್ಯೋ, ತಾವೇ ಫೋನ್ ಮಾಡಿದ್ರಾ... ತಮ್ಮದು ಬಹಳ ಒಳ್ಳೇ ಕಂಪನಿ... ಈ ಸಲ ಸೆಕೆ ಜಾಸ್ತಿ ಅಲ್ವಾ... ಆರೋಗ್ಯ ನೋಡ್ಕೊಳ್ಳಿ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ. ಎದುರಿಗಿಲ್ಲದವರಿಗೆ ಬಗ್ಗಿ ಬಗ್ಗಿ ನಮಸ್ಕರಿಸಿದ. ನಾನು ಆ ಒಂದು ಮಾತಿಗೆ ಕಾಯುತ್ತಿದ್ದೆ. ಅವನು ಫೋನಿಟ್ಟ.

"ಹೇಳ್ಲೇ ಇಲ್ವಲ್ರೀ!" ಅಂದಳು ಅಮ್ಮ.

"ಏನಂತ ಹೇಳ್ಲಿ? ಆ ಹೆಸರೇ ನಾನು ಕೇಳಿಲ್ಲ. ನೂರರೊಳಗೂ ಇಲ್ಲ."

"ಆ ಪಟ್ಟಿಗೆ ಉಪ್ಪು ಹಚ್ಕೊಂಡು ನೆಕ್ಕಿ! ಕೈಗೆ ಬಂದ ತುತ್ತು ಕಣ್ರೀ ಅದು."

"ಇನ್ನೊಂದ್ ಸ್ವಲ್ಪ ಪ್ರಯತ್ನ ಪಡ್ಲಿ. ಅವಳ ಒಳ್ಳೇದಕ್ಕೇ."

"ಅಪ್ಪ, ಆ ಮಾತು ಬರದಿದ್ರೆ ಏನಾಗುತ್ತೆ ಅಂತ ನಿಂಗೆ ಗೊತ್ತಲ್ಲ?" ಅಂದೆ.

"ಗೊತ್ತು," ಅಂದ. ಬಟ್ಟಲೆತ್ತಿ ಉಳಿದ ಸಾರು ಕುಡಿದ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮರುದಿನ ನಾನೇ ಕುವಬಾರ ಅವರಿಗೆ ಫೋನು ಮಾಡಿದೆ.

"ತಂದೆಯವರಿಗೆ ಮನಸ್ಸಿರ್ಲಿಲ್ಲ ಅಲ್ವೇನಮ್ಮ? ಬೇರೆ ಹುಡುಗಿಗೆ ಹೇಳ್ಬಿಟ್ಟೆ. ಹೋದ ವರ್ಷ ಹೀಗೇ ಕಾದು ಕೆಟ್ಟಿದ್ವಿ," ಅಂದರು. ಮತ್ತೆ ಮತ್ತೆ ಕ್ಷಮೆ ಕೇಳಿದರು. ನಾನೇ ಸಮಾಧಾನ ಮಾಡಿದೆ.

ಮತ್ತೆ ಯಾರೂ ಕರೆಯಲಿಲ್ಲ. ಮಾರ್ಚಿನಲ್ಲಿ ಪದವಿ ಮುಗಿಯಿತು. ಪದವಿ ಮುಗಿಸಿ ಕೂತವರನ್ನು ಇಲ್ಲಿ ಹಳಸಿದ ಅನ್ನದ ಹಾಗೆ ನೋಡುತ್ತಾರೆ. ನಿಲ್ದಾಣದ ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲಿ ಕರಿದ ತಿಂಡಿ ಮಾರಲು ನಿಂತೆ. ಗಂಟೆ ಲೆಕ್ಕದ ಕೂಲಿ. ಈ ಕೆಲಸಕ್ಕೆ ಯಾರೂ ಅಪ್ಪನನ್ನು ಕೇಳಲಿಲ್ಲ.

ಏಪ್ರಿಲ್‌ನ ಒಂದು ಸಂಜೆ ಅಪ್ಪ ಬಂದ, ಹಳೆಯ ಆಫೀಸಿನ ಕೋಟು ಹಾಕಿಕೊಂಡು. ನನ್ನ ಪಕ್ಕ ಮ್ಯಾನೇಜರ್ ಇನಾಗಾಕಿ ಬೆಲೆ ಚೀಟಿ ಅಂಟಿಸುತ್ತಿದ್ದ. ನನಗಿಂತ ಚಿಕ್ಕವನು. ಅಪ್ಪ ಅವನ ಮುಂದೆ ನಿಂತು, ಸೊಂಟದವರೆಗೆ ಬಗ್ಗಿದ.

"ನನ್ನ ಮಗಳು ಇನ್ನು ನಿಮ್ಮ ಕೈಯಲ್ಲಿ. ದಯವಿಟ್ಟು ನೋಡ್ಕೊಳ್ಳಿ."

ಇನಾಗಾಕಿ ಗಾಬರಿಯಾದ. "ಅಯ್ಯೋ ಏಳಿ ಸಾರ್, ಇದೇನು ಅಂಥ ಕೆಲಸ ಅಲ್ಲ..."

ಅಪ್ಪ ಏಳಲೇ ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ನನ್ನೊಳಗೆ ಏನೋ ಅಲುಗಿತು, ಮತ್ತೆ ನಿಂತಿತು. ಆಲೂ ಬೋಂಡದ ತಟ್ಟೆ ಮುಂದಕ್ಕೆಳೆದು ಇಕ್ಕಳ ಎತ್ತಿಕೊಂಡೆ.

"ಎಷ್ಟು ಕೊಡ್ಲಿ ಸಾರ್?" ಅಂತ ಅಪ್ಪನನ್ನು ಕೇಳಿದೆ.