ಬರೀ ಇದ್ದಿಲು

ನಿವೃತ್ತ ಇತಿಹಾಸ ಮೇಷ್ಟರಿಗೆ ಯಾರ ಮಾತನ್ನೂ ಪೂರ್ತಿ ಕೇಳಿ ಅಭ್ಯಾಸವಿರಲಿಲ್ಲ. ಜೀವನವಿಡೀ ತಾವೊಬ್ಬರೇ ಮಾತಾಡಿದವರು. ಹಿತ್ತಲಲ್ಲಿ ನೆಟ್ಟ ಕೋಸಿನ ಸಸಿಗಳೆಲ್ಲ ಮುರುಟಿದಾಗ ಅವರು ಮಣ್ಣು ಪರೀಕ್ಷೆಯ ಕಚೇರಿಗೆ ಹೋದರು. ಅಲ್ಲಿನ ಹುಡುಗಿ, "ಮಣ್ಣು ವಿಪರೀತ ಹುಳಿಯಾಗಿದೆ ಸಾರ್, ಸತ್ವಾನೂ ಇಲ್ಲ. ಇದ್ದಿಲು ಪುಡಿ ಮಾಡಿ ಬೆರೆಸಿ, ಹುಳಿ ಇಳಿಯುತ್ತೆ. ಅದರ ಜೊತೆಗೆ..." ಎನ್ನುವಷ್ಟರಲ್ಲಿ ಮೇಷ್ಟರು ಮೆಟ್ಟಿಲಿಳಿಯುತ್ತಿದ್ದರು.

ಹಳೆಯ ಡ್ರಮ್ಮಿನಲ್ಲಿ ಸೌದೆ ತುಂಬಿ, ಮುಚ್ಚಳ ಮುಚ್ಚಿ ಸುಟ್ಟರು. ಬೀದಿಯೆಲ್ಲ ಕೆಮ್ಮಿತು. ಹೆಂಡತಿ ಒಣಹಾಕಿದ್ದ ಬಿಳಿ ಹೊದಿಕೆಗಳಿಗೆ ಮಸಿ ಹಿಡಿಯಿತು.

"ಗೊಬ್ಬರ ಅನ್ನೋದೇ ಒಂದು ಹುನ್ನಾರ," ಎಂದು ಅವರು ಕಾಂಪೌಂಡಿನಾಚೆಯ ಹಲ್ಲಿನ ಡಾಕ್ಟರಮ್ಮನಿಗೆ ಪಾಠ ಮಾಡಿದರು. "ಮಣ್ಣಿಗೆ ಬೇಕಾಗಿರೋದು ಇದ್ದಿಲು. ಬರೀ ಇದ್ದಿಲು!"

ಇದ್ದಿಲು ಬೆರೆಸಿದ ಪಾತಿಯಲ್ಲಿ ನೆಟ್ಟ ಹೊಸ ಸಸಿಗಳು ಹಳದಿಯಾದವು.

"ಏನ್ರೀ, ಕೋಸಿಗೆ ಕಾಮಾಲೆನಾ?" ಎಂದಳು ಹೆಂಡತಿ.

ಮೇಷ್ಟರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಕಚೇರಿಯ ಹುಡುಗಿಗೆ ಫೋನ್ ಮಾಡಿದರು. "ಹೊಸ ಇದ್ದಿಲು ಇರೋ ಚೂರುಪಾರು ಸತ್ವಾನೂ ಹಿಡಿದಿಟ್ಟುಕೊಳ್ಳುತ್ತೆ ಸಾರ್. ಅದಕ್ಕೇ ಜೊತೆಗೆ ಗೊಬ್ಬರ ಹಾಕಿ ಅಂದೆ. ನೀವು ನಿಂತ್ರೆ ತಾನೆ!"

ಹೆಂಡತಿ ತಂಗಿಯ ಮನೆಗೆ ಹೋದ ದಿನ ಮೇಷ್ಟರು ಗೊಬ್ಬರ ತಂದು ಇದ್ದಿಲಿನೊಂದಿಗೆ ಬೆರೆಸಿ, ಪಾತಿಗೆ ಹಾಕಿ, ಕೈ ತೊಳೆದುಕೊಂಡರು. ಬರಬರುತ್ತ ಎಲೆಗಳು ಹಸಿರಾದವು, ಕೋಸು ಗುಂಡಗಾದವು. ಮೇಷ್ಟರ ಎದೆಯೂ ಉಬ್ಬಿತು. ಬಂದವರಿಗೆಲ್ಲ ಕೋಸು ತೋರಿಸಿ, "ಬರೀ ಇದ್ದಿಲು!" ಎಂದರು.

ಅದನ್ನು ನಂಬಿ ಡಾಕ್ಟರಮ್ಮ ತಮ್ಮ ಹುರುಳಿಕಾಯಿ ಪಾತಿಗೂ ಬರೀ ಇದ್ದಿಲು ಸುರಿದರು. ಗಿಡ ಬಿಳಿಚಿಕೊಂಡಿತು. "ನಿಮ್ಮ ಮಾತು ಕೇಳಿ ಕೆಟ್ಟೆ, ಮೇಷ್ಟ್ರೇ!"

ನಿಜ ಹೇಳಲು ಬಾಯಿ ತೆರೆದವರು ಹೇಳಿದ್ದು ಬೇರೆಯೇ. "ಇದ್ದಿಲು ಹಾಕೋಕೂ ಕೈಗುಣ ಬೇಕು ಡಾಕ್ಟ್ರೇ. ನಾನೇ ಬಂದು ಹಾಕ್ತೀನಿ ಬಿಡಿ."

ಆಡಿದ ಮೇಲೆ ಮುಗಿಯಿತು. ಊಟದ ಡಬ್ಬಿಯಲ್ಲಿ ಗೊಬ್ಬರ ಅಡಗಿಸಿಕೊಂಡು ಡಾಕ್ಟರಮ್ಮನ ಹಿತ್ತಲಿಗೆ ನಡೆದರು. ಹುರುಳಿಕಾಯಿ ಗೊಂಚಲುಗೊಂಚಲಾಗಿ ಬಂತು. ಆಮೇಲೆ ದರ್ಜಿ ಕರೆದ, ಬೇಕರಿಯವನ ಅತ್ತೆ ಕರೆದಳು, ಮೂಲೆಮನೆಯ ವಕೀಲರೂ ಕರೆದರು. ಮೇಷ್ಟರ ಸೊಂಟ ಬಿದ್ದುಹೋಯಿತು. ಕೈಗುಣದ ಖ್ಯಾತಿ ಮಾತ್ರ ಏರುತ್ತಲೇ ಹೋಯಿತು.

ಒಂದು ಸಂಜೆ ನೋವಿನ ಎಣ್ಣೆ ತಿಕ್ಕುತ್ತ ಹೆಂಡತಿ ಅಂದಳು: "ಸಾಕು ಮಾಡ್ರೀ. ಡಬ್ಬಿಯಲ್ಲಿ ಏನಿದೆ ಅಂತ ಇಡೀ ಬೀದಿಗೇ ಗೊತ್ತು."

ಮೇಷ್ಟರು ತಟ್ಟನೆ ಅವಳತ್ತ ಹೊರಳಿದರು. "ಮತ್ತೆ ಯಾರೂ ಬಾಯಿ ಬಿಡಲಿಲ್ಲ?"

"ಪುಕ್ಕಟೆ ಗೊಬ್ಬರ, ಪುಕ್ಕಟೆ ಆಳು. ಬಾಯಿ ಬಿಡೋಕೆ ಅವರಿಗೇನು ಹುಚ್ಚಾ?"

ಅಷ್ಟರಲ್ಲಿ ಗೇಟಿನ ಬಳಿ ವಕೀಲರ ದನಿ ಕೇಳಿತು: "ಮೇಷ್ಟ್ರೇ, ಬದನೆ ಪಾತಿ ನಿಮ್ಮ ಕೈಗುಣಕ್ಕೇ ಕಾಯ್ತಿದೆ!"

ಮೇಷ್ಟರು ನರಳಿದರು, ಹಲ್ಲು ಕಡಿದರು. ಆಮೇಲೆ, ಯಾರಾದರೂ ಹೊಗಳಿದಾಗ ಬರುವ ಆ ಗಂಭೀರ ದನಿಯಲ್ಲೇ ಉತ್ತರ ಕೊಟ್ಟರು:

"ಬಂದೆ!"