ಸೂರಿಗೆ ಸಿಕ್ಕಿಸಿದ ಕುಡುಗೋಲು

ಕೆಲಸ ಮುಗಿದ ಮೇಲೆ ಕುಡುಗೋಲನ್ನು ಸೂರಿನ ಸೋಗೆಗೆ ಸಿಕ್ಕಿಸುವುದು ಕರಿಯಪ್ಪನ ಅಭ್ಯಾಸ. ದಂಡಿನಶಿವರದ ನಮ್ಮ ಕೇರಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಕೈ ಎತ್ತಿದರೆ ಸಿಗುತ್ತದೆ, ಮಕ್ಕಳಿಗೆ ಎಟುಕುವುದಿಲ್ಲ.

ಕರಿಯಪ್ಪನ ಮನೆ, ಕೊಟ್ಟಿಗೆ ಎರಡಕ್ಕೂ ಒಂದೇ ಸೋಗೆಯ ಸೂರು. ಮೇಲಿನ ಅಟ್ಟದ ತುಂಬ ಒಣಗುತ್ತಿರುವ ಕೊಬ್ಬರಿಕಾಯಿ, ಕೆಳಗೆ ಗಬ್ಬದ ಹಸು ಗೌರಿ. ಇವತ್ತೋ ನಾಳೆಯೋ ಈಯಬೇಕು ಎಂದು ಅವನ ಹೆಂಡತಿ ಬೋರಮ್ಮ ಕೊಟ್ಟಿಗೆ ಬಿಟ್ಟು ಕದಲುತ್ತಿರಲಿಲ್ಲ. ಆ ಸಂಜೆ ಸೊಳ್ಳೆ ಕಾಟಕ್ಕೆ ಬಾಗಿಲ ಬಳಿ ತೆಂಗಿನ ಮಟ್ಟೆಯ ಹೊಗೆ ಹಾಕಿ, ಹುಲ್ಲು ತರಲು ಹಿತ್ತಿಲಿಗೆ ಹೋದಳು.

ಗಾಳಿ ತಿರುಗಿತು. ಪಕ್ಕದ ಮನೆಯವನಾದ ನಾನು ಬೇಲಿಯ ಈಚೆಯಿಂದ ನೋಡಿದೆ, ಸೂರಿನ ಅಂಚಿನಲ್ಲಿ ಅಂಗೈಯಗಲ ಬೆಂಕಿ. ತುಂಬಿದ ಕೊಡ ಹೊತ್ತು ಓಡಿದೆ. ಕರಿಯಪ್ಪ ಅಡ್ಡ ನಿಂತ.

"ಲೇ ಗಂಗಾಧರ, ನೀರ್ ಹಾಕ್ಬೇಡ ಕಣ್ಲಾ! ಕಾಯಿ ನೆಂದ್ರೆ ಅಟ್ಟವೆಲ್ಲಾ ಕೊಳ್ತೋಯ್ತದೆ. ಸೋಗೆ ಕಿತ್ತಾಕಾನ ಬುಡು!"

ಕೊಬ್ಬರಿ ಎಂದರೆ ನಮ್ಮವರ ತಲೆ ಓಡುವುದೇ ಇಲ್ಲ. ಅವನು ಒಂದು ಸೋಗೆ ಎಳೆದ. ಆ ಸಂದಿನಲ್ಲಿ ಗಾಳಿ ನುಗ್ಗಿತು. ಬೆಂಕಿ ಸೂರಿನುದ್ದಕ್ಕೂ ಓಡಿತು.

"ಗೌರೀ!" ಹಿತ್ತಿಲಿಂದ ಓಡಿಬಂದ ಬೋರಮ್ಮ ಕೊಟ್ಟಿಗೆಗೇ ನುಗ್ಗಿದಳು. ಹೆದರಿದ ಹಸು ಜಗ್ಗಿ ಜಗ್ಗಿ ನೈಲಾನ್ ಹಗ್ಗದ ಗಂಟು ಕಲ್ಲಾಗಿತ್ತು. "ಬಿಚ್ಚಾಕಾಯ್ತಿಲ್ಲ ಕಣ್ರೋ! ಕುಡ್ಲು ಕೊಡ್ರೋ!"

ಕರಿಯಪ್ಪನ ಕೈ ಅಭ್ಯಾಸದಂತೆ ಮೇಲಕ್ಕೆ ಹೋಯಿತು, ಹಾಗೇ ನಿಂತಿತು. ಕುಡುಗೋಲು ಅಲ್ಲೇ ಇತ್ತು. ಅದರ ಹಿಡಿ ಉರಿಯುತ್ತಿತ್ತು.

ನನ್ನದನ್ನು ತರಲು ಮನೆಗೆ ಓಡಿದೆ. ಅದೂ ಸೂರಿನಲ್ಲೇ ಇತ್ತು. ಕಿತ್ತುಕೊಂಡು ಬರುವಷ್ಟರಲ್ಲಿ ಕೊಟ್ಟಿಗೆಯ ಬಾಗಿಲಿಗೆ ಉರಿಯುವ ಜಂತಿ ಬಿದ್ದಿತ್ತು. ಕರಿಯಪ್ಪ ಬೋರಮ್ಮನನ್ನು ಆಗಲೇ ಹೊರಗೆ ಎಳೆದು ತಂದಿದ್ದ. "ನನ್ನ ಬುಡೋ, ಅದು ನನ್ನೇ ಕೂಗ್ತೈತೆ" ಎಂದು ಅವಳು ಅವನ ಕೈ ಕಚ್ಚುತ್ತಿದ್ದಳು. ಫೈರ್ ಎಂಜಿನ್ನಿಗೆ ಯಾರೋ ಫೋನ್ ಮಾಡಿದರು. ತುರುವೇಕೆರೆಯಿಂದ ಬರಬೇಕು ಎಂದರು. ಅಟ್ಟದ ಕಾಯಿಗಳು ಎಣ್ಣೆ ಕಾರಿ ಸಿಡಿಯತೊಡಗಿದವು. ಕುಡುಗೋಲು ಹಿಡಿದು ನಿಂತೇ ಇದ್ದೆ. ನನ್ನಿಂದ ಏನೂ ಆಗಲಿಲ್ಲ.

ಅಂಗಳದಲ್ಲಿ ನನ್ನ ಕೊಡ ತುಂಬಿದ ಹಾಗೇ ಇತ್ತು. ಕರಿಯಪ್ಪ ಹೆಂಡತಿಯನ್ನು ನನ್ನ ಕೈಗೆ ಬಿಟ್ಟು, ಅದನ್ನೆತ್ತಿ ಇದ್ದ ಬಲವೆಲ್ಲ ಹಾಕಿ ಎರಚಿದ. ನೀರು ಸೂರನ್ನು ಮುಟ್ಟಲೂ ಇಲ್ಲ.

ಅಷ್ಟರಲ್ಲಿ ಒಳಗೆ ಗೌರಿಯ ಕೂಗು ನಿಂತಿತ್ತು.