ಪಿಕ್ಕಿಂಗ್ ಚೀಲಕ್ಕೆ ಯಾವ ಬಟ್ಟೆ?

ಪೊನ್ನಂಪೇಟೆ ಹತ್ತಿರದ ನಮ್ಮ ಊರಿನ ಸ್ತ್ರೀಶಕ್ತಿ ಸಂಘದವರು ಕಾಫಿ ಪಿಕ್ಕಿಂಗ್ ಚೀಲ ಹೊಲಿಯುತ್ತಾರೆ. ಸೊಂಟಕ್ಕೆ ಕಟ್ಟಿಕೊಂಡು, ಕುಯ್ದ ಹಣ್ಣು ತುಂಬುವ ಚೀಲ. ಹೋದ ವರ್ಷ ಹೊಲಿದ ಚೀಲಗಳು ಪಿಕ್ಕಿಂಗ್ ನಡುವೆಯೇ ಹರಿದವು. ಈ ವರ್ಷ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇರಪ್ಪ ಇನ್ನೂರು ಚೀಲ ಕೇಳುವಾಗಲೇ ಹೇಳಿದ್ದರು: "ಈ ಸಲಾನೂ ಹಂಗಾದ್ರೆ ಬೇರೆ ಕಡೆ ಹೊಲಿಸ್ತೀವಿ." ಈ ಕೆಲಸ ಕೈತಪ್ಪಿದರೆ ಹನ್ನೊಂದು ಮನೆಯ ಹೊಲಿಗೆ ಯಂತ್ರಗಳು ಸುಮ್ಮನೆ ಕೂರುತ್ತವೆ.

ಸಂಘದ ಅಧ್ಯಕ್ಷೆ ಕಾಮಾಕ್ಷಮ್ಮನ ಮುಂದೆ ಮೂರು ತುಂಡು ಬಟ್ಟೆ ಇದ್ದವು. ಮೂರೂ ಖಾಕಿ. ಒಂದು, ವಿರಾಜಪೇಟೆಯಲ್ಲಿರುವ ಅವರ ತಮ್ಮ ಮಂಜೇಶನ ಅಂಗಡಿಯದು. ಹೋದ ವರ್ಷವೂ ಅಲ್ಲಿಂದಲೇ ತಂದಿದ್ದರು. ಉಳಿದವು ಬೇರೆ ಎರಡು ಅಂಗಡಿಯವು. ಒಬ್ಬರು ಮೀಟರಿಗೆ ಬೆಲೆ ಹೇಳಿದ್ದರು, ಒಬ್ಬರು ಕಿಲೋಗೆ. ತಮ್ಮನೋ ಬೆಲೆ ಹೇಳದೆ, "ನೋಡ್ಕೊಂಡು ಕೊಡಕ್ಕಾ" ಎಂದಿದ್ದ. ತಿರುಗಿಸಿ ಮುರುಗಿಸಿ ನೋಡಿದಷ್ಟೂ ಕಾಮಾಕ್ಷಮ್ಮನ ತಲೆ ಕೆಟ್ಟಿತು.

ಆಗ ಪಕ್ಕದ ಮನೆಯ ಪವಿತ್ರಾ ಬಂದಳು. ಮೈಸೂರಿನಲ್ಲಿ ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾಳೆ. ಈಗ ಅಲ್ಲಿ ಹಿರಿಯ ಅಧಿಕಾರಿ. ರಜೆಗೆ ಊರಿಗೆ ಬಂದಿದ್ದಳು.

"ನೀನೇ ಹೇಳವ್ವ, ಇದ್ರಲ್ಲಿ ಯಾವ್ದು ಒಳ್ಳೇದು?"

"ನಂಗೇನು ಗೊತ್ತು ಕಾಮಾಕ್ಷಕ್ಕ."

"ಅಯ್ಯೋ, ದಿನಾ ಅದೇ ಕೆಲ್ಸ ಅಲ್ವಾ ನಿಂದು? ಮತ್ಯಾಕೆ ಸಂಬಳ ಕೊಡ್ತಾರೆ?"

ಪವಿತ್ರಾ ನಕ್ಕಳು. "ಕೇಳೋದಕ್ಕೆ ಕೊಡ್ತಾರೆ. ಚೀಲ ಕಟ್ಕೊಳ್ಳೋರನ್ನ ಕೇಳಿದ್ರಾ?"

ಕಾಮಾಕ್ಷಮ್ಮನಿಗೆ ಇನ್ನಷ್ಟು ಗೊಂದಲ. ಬಟ್ಟೆಯ ವಿಷಯ ಅಂಗಡಿಯವರಿಗೆ ಗೊತ್ತು, ಹಣ್ಣು ಕುಯ್ಯುವವರಿಗೇನು ಗೊತ್ತು? ಆದರೂ ಪವಿತ್ರಾಳ ಹಿಂದೆ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಕಡೆ ನಡೆದರು. ಇಪ್ಪತ್ತು ವರ್ಷದಿಂದ ಹಣ್ಣು ಕುಯ್ಯುತ್ತಿರುವ ಮಾದಿ ಜಗಲಿಯಲ್ಲಿ ಕೂತಿದ್ದಳು.

"ಮಾದಿಯಕ್ಕ, ಚೀಲ ಎಲ್ಲಿ ಹರೀತು?" ಎಂದಳು ಪವಿತ್ರಾ.

"ಅಡೀಲಲ್ಲ ಕಣವ್ವ, ಸೊಂಟದ ಪಟ್ಟಿ ಹತ್ರ. ಬೆಳಿಗ್ಗೆ ಇಬ್ಬನೀಗೆ ನೆಂದು ತೊಪ್ಪೆ ಆಗ್ತದೆ. ಮೇಲೆ ಹಣ್ಣಿನ ಭಾರ. ಹತ್ತು ಗಂಟೆಗೆ ಜಗ್ಗಿ ಮೊಣಕಾಲಿಗೆ ಬರ್ತದೆ. ಇವ್ರು ಒಣಗಿದ ಬಟ್ಟೆ ಸವರಿ ನೋಡ್ತಾರೆ, ಮದ್ವೆ ಸೀರೆ ತಗೊಂಡಂಗೆ!"

"ಹೋದ ವರ್ಷಾನೇ ಯಾಕೆ ಹೇಳ್ಲಿಲ್ಲ ನೀನು?" ಎಂದರು ಕಾಮಾಕ್ಷಮ್ಮ.

"ಯಾರು ಕೇಳಿದ್ರು?"

ಅಂದು ಮೂರು ಬಟ್ಟೆಯಲ್ಲೂ ಒಂದೊಂದು ಚೀಲ ಹೊಲಿದರು. ನೀರಲ್ಲಿ ನೆನೆಸಿ, ಹತ್ತತ್ತು ಕಿಲೋ ಮರಳು ತುಂಬಿ, ಹಲಸಿನ ಕೊಂಬೆಗೆ ನೇತು ಹಾಕಿದರು. ಮಾರನೇ ದಿನ ನೋಡಿದರೆ ಒಂದು ಚೀಲ ಗೇಣುದ್ದ ಜಗ್ಗಿತ್ತು. ಇನ್ನೊಂದು ಹಾಗೇ ನಿಂತಿತ್ತು. ಮಂಜೇಶನ ಬಟ್ಟೆ ಪಟ್ಟಿಯ ಹತ್ತಿರ ಹರಿದು, ಮರಳು ನೆಲದ ಮೇಲಿತ್ತು.

"ತಮ್ಮನ ಅಂಗಡಿ ಬಿಟ್ರೆ ತವರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಬಿಡಿ ಅಂದೋರ್ಯಾರು? ಏನು ಬೇಕು ಅಂತ ನೀವು ಅವ್ರಿಗೆ ಹೇಳೇ ಇಲ್ವಲ್ಲ ಅಕ್ಕ."

ಪವಿತ್ರಾ ಒಂದು ಚೀಟಿ ಬರೆಸಿದಳು. ನೆಂದ ಮೇಲೂ ಹತ್ತು ಕಿಲೋ ಭಾರ ಹೊರಬೇಕು. ಮನೆಗೆ ತಲುಪಿಸುವ ಖರ್ಚೂ ಸೇರಿ ಮೀಟರಿಗೆ ಎಷ್ಟು ಎಂದು ಹೇಳಬೇಕು. ಮಾದರಿಗಿಂತ ಬೇರೆ ಬಟ್ಟೆ ಬಂದರೆ ವಾಪಸ್. ಅದೇ ಚೀಟಿ ಮೂರೂ ಅಂಗಡಿಗೆ ಹೋಯಿತು.

ನಾಲ್ಕು ದಿನ ಬಿಟ್ಟು ಮಂಜೇಶ ತಾನೇ ಬೇರೆ ಬಟ್ಟೆ ತಂದ. "ಮಾರೋ ಬಟ್ಟೇನ ನಾನು ಯಾವತ್ತೂ ನೆನೆಸಿ ನೋಡಿಲ್ಲಕ್ಕಾ" ಎಂದ. ಬೆಲೆಯೂ ಉಳಿದಿಬ್ಬರಿಗಿಂತ ಕಡಿಮೆ ಇತ್ತು. ಅದನ್ನೂ ಹೊಲಿದು ನೇತು ಹಾಕಿದರು. ಮಾರನೇ ದಿನ ಅವನು ಮತ್ತೆ ಬಂದಾಗ ಚೀಲ ಜಗ್ಗದೆ ನಿಂತಿತ್ತು.

"ನಿಂತಿದೆಯಲ್ಲ! ಈಗಾದ್ರೂ ಕಾಫಿ ಕೊಡಕ್ಕಾ."

"ಇರು," ಎಂದರು ಕಾಮಾಕ್ಷಮ್ಮ. "ಮೊದ್ಲು ಮಾದಿ ಕಟ್ಕೊಂಡು ನೋಡ್ಲಿ."

ಮಾದಿ ಚೀಲ ಕಟ್ಟಿಕೊಂಡು ಬಗ್ಗಿದಳು, ಕೂತಳು, ಎದ್ದಳು. "ಇದಾಗ್ತದೆ" ಎಂದಳು. ಆಮೇಲೆಯೇ ಮಂಜೇಶನಿಗೆ ಕಾಫಿ ಬಂತು.

ಅಕ್ಕಂದಿರೇ, ನಿಮ್ಮ ಸಂಘ ಚೀಲವನ್ನೇ ಹೊಲಿಯಲಿ, ಮಸಾಲೆ ಪುಡಿಯನ್ನೇ ಮಾಡಲಿ, ಸಾಮಾನು ಕೊಳ್ಳುವ ಮೊದಲು ಬಳಸುವವರನ್ನು ಕೇಳಿ. ಬೇಕಾದ್ದನ್ನು ಬರೆದು, ಒಂದೇ ಚೀಟಿಯನ್ನು ಎಲ್ಲ ಅಂಗಡಿಗೂ ಕೊಡಿ. ಮಾದರಿ ತರಿಸಿ, ಕೆಲಸಕ್ಕೆ ಹಾಕಿ ನೋಡಿ. ಗೊಂದಲವಾದರೆ ನಾಚಿಕೊಳ್ಳಬೇಡಿ. ನಿಮ್ಮೂರಲ್ಲೂ ಒಬ್ಬಳು ಮಾದಿ ಇದ್ದಾಳೆ. ಇವತ್ತೇ ಹೋಗಿ ಕೇಳಿ.